ಎರಡು ಸಾಲಿ, ಒಂದು ಹಾಡು

"ಮಾಸ್ತರ, ನಿಮ್ಮ ಹುಡುಗೂರು ಹಾಡಾಕತ್ತಾರೋ, ಗುರ್ ಅನ್ನಾಕತ್ತಾರೋ?"

ಅಂದುಬಿಟ್ಟ ಮೇಲೆ ಜಿನ್ನವ್ವ ನಾಲಿಗೆ ಕಚ್ಚಿಕೊಂಡಳು. ಯಮಕನಮರಡಿಯಿಂದ ಹುಡುಗರನ್ನು ಬಸ್ಸಿನಲ್ಲಿ ಕರೆತಂದಿದ್ದ ನೇಮಣ್ಣ ಮಾಸ್ತರನನ್ನು ಅವಳು ನೋಡಿದ್ದೇ ಅವತ್ತು ಮೊದಲ ಸಲ.

"ನಾ ಕಲಿಸಿದಂಗ ಹಾಡಾಕತ್ತಾರ್ರಿ ಅಕ್ಕೋರ," ಎಂದ ಅವನು, ಬಿಗಿದ ಮುಖದಲ್ಲಿ.

೧೯೫೯ರ ಜನವರಿ. ಗಣರಾಜ್ಯೋತ್ಸವಕ್ಕೆ ಹುಕ್ಕೇರಿಯ ಹೆಣ್ಣುಮಕ್ಕಳ ಶಾಲೆಯೂ ಯಮಕನಮರಡಿಯ ಗಂಡುಮಕ್ಕಳ ಶಾಲೆಯೂ ಸೇರಿ ಒಂದು ನಾಡಹಾಡು ಹಾಡಬೇಕೆಂದು ಶಿಕ್ಷಣ ಇಲಾಖೆಯ ಸಾಹೇಬರ ಅಪ್ಪಣೆಯಾಗಿತ್ತು. ಶನಿವಾರ ಮಧ್ಯಾಹ್ನ ಜಿನ್ನವ್ವ ಕಲಿಸುತ್ತಿದ್ದ ಹುಕ್ಕೇರಿಯ ಶಾಲೆಯಲ್ಲಿ ತಾಲೀಮು. ಹುಡುಗಿಯರು ಮೇಲಿನ ದನಿಯಲ್ಲಿ, ಹುಡುಗರು ಕೆಳಗೆಲ್ಲೋ. ಒಂದೇ ಹಾಡು ಎರಡು ಹಾಡಾಗಿ ಕೇಳುತ್ತಿತ್ತು.

ಜಿನ್ನವ್ವ ಹುಡುಗರ ಎದುರು ನಿಂತು ಮೊದಲ ಸಾಲನ್ನು ತನ್ನ ದನಿಯಲ್ಲಿ ಎತ್ತಿಕೊಟ್ಟಳು. ಹುಡುಗರು ಅಂಜುತ್ತಲೇ ಹಿಂದೆ ಬಂದರು. ಎರಡನೆಯ ಸಲಕ್ಕೆ ಕೊರಳು ಬಿಚ್ಚಿತು. ಮೂರನೆಯ ಸಲಕ್ಕೆ ಹುಡುಗಿಯರ ದನಿಯೂ ಕೂಡಿ, ಹಂಚಿನ ಮಾಡಿನಲ್ಲಿದ್ದ ಗುಬ್ಬಿಗಳು ಪುರ್ರೆಂದು ಎದ್ದವು.

ನೇಮಣ್ಣ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಇಷ್ಟ ದಿನ ಇವರ ದನೀನ ನಾನ ಮುಚ್ಚಿ ಇಟ್ಟಿದ್ನೇನ್ರಿ?"

"ನಿಮ್ಮ ದನಿ ಚಲೋ ಐತ್ರಿ. ಆದ್ರ ಅದು ದೊಡ್ಡವರ ದನಿ. ಸಣ್ಣವರಿಗಿ ಅಷ್ಟ ಕೆಳಗ ಇಳಿಯಾಕ ಆಗೂದಿಲ್ಲ."

"ಹಂಗಾದ್ರ ನಾ ಇನ್ನ ಬಾಯಿ ಮುಚ್ಚತೇನಿ ಬಿಡ್ರಿ."

"ಪೂರ್ತಿ ಮುಚ್ಚಬ್ಯಾಡ್ರಿ," ಎಂದಳು ಜಿನ್ನವ್ವ. "ಚಾ ಕುಡಿಯಾಕರ ತೆಗೀರಿ."

ಅವನು ನಕ್ಕ. ಅಷ್ಟು ಹೊತ್ತಿನ ಬಿಗಿ ಒಮ್ಮೆಲೇ ಕರಗಿತು. ಜಿನ್ನವ್ವ ಸುಮ್ಮನೆ ಕರಿಹಲಗೆಯ ಕಡೆ ತಿರುಗಿ, ಅದರ ಮೇಲೆ ಇಲ್ಲದ ಅಕ್ಷರಗಳನ್ನು ಒರೆಸಿದಳು.

ಮುಂದಿನ ಶನಿವಾರ ಅವನು ಹಿಂದಿನ ಸಾಲಿನ ಹಿಂದೆ ನಿಂತು, ಸದ್ದಿಲ್ಲದೆ ತುಟಿ ಮಾತ್ರ ಆಡಿಸುತ್ತಿದ್ದ. ಅವಳು ನೋಡಿದರೆ ತುಟಿ ನಿಲ್ಲುತ್ತಿತ್ತು, ಕಿವಿ ಕೆಂಪಾಗುತ್ತಿತ್ತು. ಅವಳು ಮತ್ತೆ ಮತ್ತೆ ನೋಡಿದಳು.

"ಅಕ್ಕೋರ, ಸಾಲು ಮರ್ತ್ರಿ," ಎಂದಳು ನಾಲ್ಕನೆಯ ಇಯತ್ತೆಯ ಅಲ್ಲವ್ವ. ಹುಡುಗಿಯರೆಲ್ಲ ಕಿಸಕ್ಕೆಂದರು.

ಆ ವಾರವೇ ಜಿನ್ನವ್ವನ ಅಪ್ಪ ಆಬಾಸಾಹೇಬರು ಅರಿವೆ ಅಂಗಡಿಯಿಂದ ಬಂದವರೇ, "ಇಪ್ಪತ್ತಾರಕ್ಕ ನಿಪ್ಪಾಣಿಯವರು ನಿನ್ನ ನೋಡಾಕ ಬರ್ತಾರ. ಮನಿ ಬಿಟ್ಟ ಕದಲಬ್ಯಾಡ," ಎಂದರು. ಹಾಡಿನ ಮಾತೆತ್ತಿದರೆ, "ಹಾಡಾಕ ಆ ಮಾಸ್ತರ ಇದ್ದಾನಲ್ಲ," ಎಂದುಬಿಟ್ಟರು.

ಕೊನೆಯ ತಾಲೀಮಿನ ದಿನ ಅವಳು ನೇಮಣ್ಣನಿಗೆ ಹೇಳಿದಳು. ಅವನು ಟೊಪ್ಪಿಗೆಯ ಅಂಚು ನೇವರಿಸಿದ.

"ಒಳ್ಳೇದಾತ್ರಿ," ಎಂದ. ಆ ಮಾತು ಅವನಿಗೇ ರುಚಿಸಲಿಲ್ಲ. "ಮತ್ತ, ಹಾಡು ಯಾರು ಎತ್ತಿಕೊಡೂದ್ರಿ?"

"ನೀವ ಎತ್ತಿಕೊಡಬೇಕು. ಆದ್ರ ನಿಮ್ಮ ದನಿಯಾಗ ಅಲ್ಲ, ಹುಡುಗೂರ ದನಿಯಾಗ."

ಇಪ್ಪತ್ತಾರರ ಬೆಳಿಗ್ಗೆ ನಿಪ್ಪಾಣಿಯವರು ಜಮಖಾನದ ಮೇಲೆ ಕುಳಿತಿದ್ದರು. ಜಿನ್ನವ್ವ ಶಿರಾದ ತಾಟು ಹಿಡಿದು ಬರುವಾಗಲೇ ಕಚೇರಿ ಮೈದಾನದ ಧ್ವನಿವರ್ಧಕ ಗರಗರ ಎಂದಿತು. ಆಮೇಲೆ ಒಂದು ಗಂಡು ದನಿ, ತೆಳ್ಳಗೆ, ಎತ್ತರಕ್ಕೆ, ಹಗ್ಗದ ಮೇಲೆ ನಡೆಯುವವರಂತೆ ನಡುಗುತ್ತ ಮೊದಲ ಸಾಲು ಹಾಡಿತು. ನಡುವೆ ಒಡೆಯಿತು. ಮೈದಾನಕ್ಕೆ ಮೈದಾನವೇ ಹೋ ಎಂದು ನಕ್ಕದ್ದು ಮನೆಯವರೆಗೂ ಕೇಳಿಸಿತು.

ದನಿ ನಿಲ್ಲಲಿಲ್ಲ. ಅದೇ ಎತ್ತರದಲ್ಲಿ ಆ ಸಾಲನ್ನು ಮತ್ತೆ ಎತ್ತಿತು. ಈ ಸಲ ಮಕ್ಕಳು ಒಟ್ಟಿಗೆ ಹಿಡಿದರು. ನಗು ಅಡಗಿತು. ಹಾಡು ಬಜಾರದ ಮೇಲೆಲ್ಲ ಹರಡಿತು.

"ಯಾರ ಅಂವ, ಹೆಂಗಸಿನಂಗ ಕಿರಚಾಂವ?" ಎಂದು ವರ ನಕ್ಕ.

ಜಿನ್ನವ್ವ ತಾಟನ್ನು ಕೆಳಗಿಟ್ಟಳು. "ಹುಡುಗೂರ ಸಲುವಾಗಿ ಹಾಡಾಕತ್ತಾರ್ರಿ. ನಗಬ್ಯಾಡ್ರಿ."

ಅವಳು ಒಳಗೆ ಹೋದಳು. ಹಿಂದೆಯೇ ಬಂದ ಅಪ್ಪನ ಮುಖ ಕೆಂಪಾಗಿತ್ತು.

"ಅಪ್ಪಾ, ನನಗ ಈ ಸಂಬಂಧ ಬ್ಯಾಡ."

ಆಬಾಸಾಹೇಬರು ಮಗಳನ್ನೇ ನೋಡಿದರು. "ಆ ಮಾಸ್ತರ ಯಾರ ಪೈಕಿ?"

"ನಮ್ಮ ಪೈಕೀನ, ಜೈನರ. ಯಮಕನಮರಡಿಯಾಗ ಅವರ ಮನಿಯವರು ಹೊಲಾ ಮಾಡತಾರ."

"ಅಂವ ನಿನ್ನ ಕೇಳ್ಯಾನೇನು?"

"ಇಲ್ಲ."

"ಮತ್ತ?"

"ನಾ ಕೇಳತೇನಿ."

ಅವರು ಹಣೆ ಒತ್ತಿಕೊಂಡು ಗೋಡೆಗೆ ಒರಗಿದರು. ನಿಪ್ಪಾಣಿಯವರು ಆಗಲೇ ಚಪ್ಪಲಿ ಹುಡುಕುತ್ತಿದ್ದರು. ಕೊನೆಗೆ, "ಅವರ ಹಿರ್ಯಾರನ್ನ ಕರಕೊಂಡ ಬರಲಿ. ಮಾತಾಡೂಣು," ಎಂದರು ಮೆಲ್ಲಗೆ.

ಜಿನ್ನವ್ವ ಬಸ್‌ಸ್ಟ್ಯಾಂಡಿಗೆ ಓಡಿದಳು. ಹುಡುಗರೆಲ್ಲ ಬಸ್ಸು ಹತ್ತಿ ಪೇಡೆ ತಿನ್ನುತ್ತಿದ್ದರು. ಜರಿಸೀರೆಯಲ್ಲಿ ಏದುಸಿರು ಬಿಡುತ್ತ ಬಂದ ಅವಳನ್ನು ನೋಡಿ ನೇಮಣ್ಣ ಮೆಟ್ಟಿಲಿನಿಂದ ಇಳಿದ.

"ನಿಪ್ಪಾಣಿ ಪಾವಣೇರು?"

"ಹ್ವಾದ್ರು."

"ಎಲ್ಲಾರೂ ನಕ್ಕರ್ರಿ," ಎಂದ, ತಲೆ ತಗ್ಗಿಸಿ.

"ಕೇಳಿಸ್ತು. ನೀವು ಬಿಡಲಿಲ್ಲ, ಅದೂ ಕೇಳಿಸ್ತು." ಅವಳು ಇನ್ನೊಂದು ಹೆಜ್ಜೆ ಮುಂದೆ ಬಂದಳು. "ಬರೋ ಐತವಾರ ನಿಮ್ಮ ಅವ್ವನ್ನ ನಮ್ಮನಿಗಿ ಕರಕೊಂಡ ಬರ್ತೀರೇನು? ನನ್ನ ಕೇಳಾಕ."

ಕಂಡಕ್ಟರ್ ಗಂಟೆ ಹೊಡೆದ. ನೇಮಣ್ಣನಿಗೆ ಅದು ಕೇಳಿಸಿದಂತಿರಲಿಲ್ಲ. ಅವನ ಕಿವಿ ಕೆಂಪಾಗಿತ್ತು, ಕಣ್ಣು ಒದ್ದೆಯಾಗಿತ್ತು.

"ನಮ್ಮವ್ವ ಹೊತ್ತು ಮುಳುಗಿದ ಮ್ಯಾಲ ಉಣ್ಣೂದಿಲ್ರಿ," ಎಂದ. "ಮುಂಜಾನಿ ಬಸ್ಸಿಗೇ ಬರ್ತೇವಿ. ಮಧ್ಯಾಹ್ನದ ಊಟಕ್ಕ ಇರ್ತೇವಿ."

"ಇರ್ರಿ," ಎಂದಳು ಜಿನ್ನವ್ವ.