ಮೇಲೇರಿದ ಕೆಂಪು ಗೆರೆ

ಎರಡನೆಯ ಬೆಳೆಯ ಕೊಯ್ಲು ನಡೆದಿತ್ತು. ಲುಕಾಂಗ್ ಪಟ್ಟಣದ ಹೊರಗೆ, ಗದ್ದೆಗಳ ನಡುವೆ, ಸ್ಕೂಟರ್ ಬ್ರೇಕಿನ ರಬ್ಬರ್ ಪೈಪು ಮಾಡುವ ಕಾರ್ಖಾನೆ. ಕಡಲಗಾಳಿ ಭತ್ತದ ಹೊಟ್ಟನ್ನು ಕಿಟಕಿಯೊಳಗೆ ತೂರುತ್ತಿತ್ತು. ಪೆಟ್ಟಿಗೆಗಳು ಲಾರಿ ಏರುತ್ತಿದ್ದವು.

ನನ್ನ ಬೆನ್ನು ಗೋಡೆಗೆ. ಹೊಟ್ಟೆಗೆ ಫೋರ್ಕ್‌ಲಿಫ್ಟಿನ ಎರಡು ಕಬ್ಬಿಣದ ನಾಲಗೆ.

"ಸರಕು ಸರಿಯಿದೆ ಅಂತ ಸಹಿ ಹಾಕು ಕುವೊ," ಎಂದ ಚಿನ್-ಶುಯಿ. ಇಲ್ಲಿನ ಮೇಸ್ತ್ರಿ; ಫೋರ್ಕ್‌ಲಿಫ್ಟು ಅವನ ಕೈಯಲ್ಲೇ. ಅಡಿಕೆ ಜಗಿದು ಕೆಂಪಾದ ಬಾಯಿ.

ಹೆದರಿಕೆ ಬರಬೇಕಿತ್ತು. ಬರಲಿಲ್ಲ... ಸರಕು ಸರಿಯಿದೆಯೋ ಇಲ್ಲವೋ ಮೂಸಿ ನೋಡಲು ಸ್ಕೂಟರ್ ಕಂಪನಿ ನನ್ನನ್ನು ಇಟ್ಟುಕೊಂಡಿದೆ. ಇಂಥದ್ದೆಲ್ಲ ಬಹಳ ನೋಡಿದ್ದೇನೆ.

"ನಿನ್ನ ಚಾರ್ಟು ಸುಳ್ಳು ಹೇಳ್ತಿದೆ," ಎಂದೆ.

"ಬೇಸಗೆಯಿಂದ ಅದರ ಎಚ್ಚರಿಕೆ ಗಂಟೆ ಹೊಡೆದಿಲ್ಲ."

"ಅದೇ ಹೇಳ್ತಿರೋದು."

ಪೈಪಿನ ದಪ್ಪ, ಗಡಸುತನ, ರಬ್ಬರ್ ಬೇಯಿಸುವ ಒಲೆಯ ಶಾಖ, ಒತ್ತಡ. ನಾಲ್ಕೂ ಸೇರಿ ಪರದೆಯ ಮೇಲೆ ಒಂದೇ ಚುಕ್ಕೆ. ಬಿಡಿಬಿಡಿಯಾಗಿ ನೋಡಿದರೆ ಎಲ್ಲವೂ ಸರಿ. ಆದರೆ ಶಾಖ ಏರಿದರೆ ಗಡಸುತನವೂ ಏರಬೇಕು. ಇಲ್ಲಿ ಶಾಖ ಏರಿತ್ತು, ಗಡಸುತನ ಇಳಿದಿತ್ತು. ಅಂಥ ಚುಕ್ಕೆ ಕೆಂಪು ಗೆರೆ ದಾಟಬೇಕು. ಗಂಟೆ ಹೊಡೆಯಬೇಕು.

ಪಕ್ಕದಲ್ಲೇ, ಪರದೆಯ ಮುಂದೆ, ಅಳತೆ ಬರೆಯುವ ಪಿ-ಯುನ್ ಕೂತಿದ್ದಳು. ಯಂತ್ರ ತಂಟೆ ಮಾಡದಿರಲೆಂದು, ಇಲ್ಲಿನವರ ನಂಬಿಕೆಯಂತೆ, ಅದರ ತಲೆಯ ಮೇಲೆ ಹಸಿರು ತಿಂಡಿಪೊಟ್ಟಣ ಇಟ್ಟಿದ್ದಳು.

"ಗಂಟೆ ಹೊಡೆದ ದಿನದ ಅಳತೆ ಏನ್ ಮಾಡ್ತಿದ್ದೆ ತಾಯಿ?"

"ಸೇರಿಸ್ತಿದ್ದೆ ಅಣ್ಣ. ದಿನಾ ಹೊಸದು ಸೇರಿಸು, ಹಳೇದು ತೆಗಿ, ಗೆರೆ ಹೊಸದಾಗಿ ಎಳಿ. ಹಂಗೇ ತಾನೆ ಹೇಳಿಕೊಟ್ಟಿರೋದು?"

"ಕೆಟ್ಟದ್ದನ್ನೂ?"

"ಮೇಸ್ತ್ರಿ ಸೇರಿಸು ಅಂದ್ರು. ನಾಲ್ಕು ದಿನ ತಿನ್ನಿಸಿದ್ರೆ ತಾನೇ ಸುಮ್ಮನಾಗತ್ತೆ ಅಂದ್ರು..." ತಲೆ ತಗ್ಗಿಸಿದಳು. "ಸುಮ್ಮನಾಯ್ತು."

ಆಗದೆ ಏನು? ಕೆಟ್ಟ ಅಳತೆ ತಿಂದು ತಿಂದು ಚಾರ್ಟು ಅದನ್ನೇ ಆರೋಗ್ಯವೆಂದು ಕಲಿತಿತ್ತು. ಹಂದಿಗೂಡಿನ ಪಕ್ಕ ಮನೆ ಮಾಡಿದವನ ಮೂಗಿನ ಹಾಗೆ. ಕೆಂಪು ಗೆರೆ ದಿನಕ್ಕಿಷ್ಟು ಮೇಲೇರಿತ್ತು.

"ಕೆಡೋಕೆ ಮೊದಲಿನ, ವಸಂತದ ಗೆರೆ ಹಾಕು. ಅದರ ಮೇಲೆ ಇವತ್ತಿನ ಚುಕ್ಕೆ ಇಡು."

ಹಾಕಿದಳು.

ಗಂಟೆ ಹೊಡೆಯಿತು.

"ಲಾರಿ ಬಿಡ್ರೋ," ಚಿನ್-ಶುಯಿ ಕೂಗಿದ. "ಇವನ ಸಹಿ ನಾನೇ ಗೀಚ್ತೀನಿ."

"ಜನ ಸಾಯ್ತಾರೆ."

"ಈ ಸರಕು ಹೋಗ್ಲಿಲ್ಲ ಅಂದ್ರೆ ಕಾರ್ಖಾನೆಗೆ ಬೀಗ. ಇಷ್ಟು ಮನೆಯವರ ಅನ್ನಕ್ಕೆ ನೀನು ಬರ್ತೀಯಾ?"

ಹೇಳುತ್ತ ಲಾರಿಯ ಕಡೆ ತಿರುಗಿದ. ನಾನು ಕಬ್ಬಿಣದ ಕೆಳಗೆ ನುಸುಳಿದೆ. ಅಂಗಿ ಹರಿಯಿತು, ಚರ್ಮವೂ.

ಪಿ-ಯುನ್ ತನ್ನ ಸ್ಕೂಟರಿನ ಕೀ ಎಸೆದಳು.

ಲಾರಿ ಡಾಂಬರು ರಸ್ತೆ ಹಿಡಿದಿತ್ತು. ನಾನು ಗದ್ದೆಗಳ ನಡುವಿನ ಹತ್ತಿರದ ಗಾಡಿದಾರಿ ಹಿಡಿದೆ. ಹಿಂದೆ ಚಿನ್-ಶುಯಿಯ ಪಿಕಪ್. ಅದರ ಬಂಪರ್ ಒಮ್ಮೆ ನನ್ನ ಹಿಂದಿನ ಚಕ್ರ ಮುಟ್ಟಿತು... ಮತ್ತೊಮ್ಮೆ. ಕೊಯ್ಲಿನವರು ನಿಂತು ನೋಡಿದರು. ಕಾಲುವೆಯ ಸೇತುವೆಗೆ ಲಾರಿಗಿಂತ ಒಂದು ಉಸಿರು ಮೊದಲೇ ಮುಟ್ಟಿದೆ. ಬ್ರೇಕ್ ಹಿಡಿದೆ.

ಬ್ರೇಕಿನ ಹಿಡಿ ಬೆಣ್ಣೆಯಲ್ಲಿ ಇಳಿದ ಹಾಗೆ ಒಳಗೆ ಹೋಯಿತು.

ಕೆಲಸದವರಿಗೆಲ್ಲ ಕಾರ್ಖಾನೆಯ ಪೈಪು ಪುಕ್ಕಟೆ ಎಂಬುದು ಆಗ ನೆನಪಾಯಿತು.

ಕಣ್ಣು ಬಿಟ್ಟಾಗ ಸೇತುವೆಯ ಮೇಲೆ ಬಿದ್ದಿದ್ದೆ; ಲಾರಿಯ ಚಕ್ರ ಮುಖದ ಹತ್ತಿರ ನಿಂತಿತ್ತು. ನನ್ನ ಎಡಗೈ ತಿರುಗಬಾರದ ಕಡೆ ತಿರುಗಿತ್ತು. ನೋವಿಲ್ಲ. ಏನೂ ಇಲ್ಲ.

ಚಿನ್-ಶುಯಿ ಇಳಿದು ಬಂದ. ಸ್ಕೂಟರಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಸೀಳಿದ ಪೈಪನ್ನು ಬೆರಳಲ್ಲಿ ಹಿಡಿದು ಅದರ ಮೇಲಿನ ಮುದ್ರೆ ಒರೆಸಿ ನೋಡಿದ.

"ನಮ್ದೇ ಇದು."

"ನಿಮ್ದೇ."

"ಆ ಹುಡುಗಿ ದಿನಾ ಇದರಲ್ಲೇ ಮಗೂನ ಶಾಲೆಗೆ ಬಿಡ್ತಾಳೆ ಕಣೋ..."

ಎದ್ದ. ಲಾರಿಯವನಿಗೆ ಕೈ ಮಾಡಿದ. "ತಿರುಗಿಸು."

"ಬಾಡಿಗೆ ಯಾರ್ ಕೊಡ್ತಾರೆ?"

"ನನ್ನ ಲೆಕ್ಕಕ್ಕೆ ಬರ್ಕೋ." ಆಮೇಲೆ ನನ್ನ ಕಡೆ ನೋಡಿದ. "ನೋವಾ?"

"ಇನ್ನೂ ಇಲ್ಲ."

ಜೇಬಿನಲ್ಲಿ ಫೋನು ಬಡಿದುಕೊಂಡಿತು. ಪಿ-ಯುನ್.

"ಅಣ್ಣ, ಗಂಟೆ ನಿಲ್ತಾನೇ ಇಲ್ಲ. ಇವತ್ತಿನ ಅಳತೆ ಸೇರಿಸಿಬಿಡಲಾ?"

"ಬೇಡ ತಾಯಿ. ಅರಚಿಕೊಳ್ಳಲಿ ಬಿಡು."