ಕರಗದೆ ಉಳಿದ ರಕ್ತ

ಬೆಳಿಗ್ಗೆ ಪ್ರಯೋಗಾಲಯದ ಬಾಗಿಲು ತೆರೆದಾಗ ನೆಲದ ತುಂಬ ನೀರು. ಡೀಪ್ ಫ್ರೀಜರಿನ ಸ್ವಿಚ್ಚು ಆರಿತ್ತು. ಆರು ವರ್ಷ ಮನೆಮನೆ ಅಲೆದು ಸಂಗ್ರಹಿಸಿದ್ದ ಮಕ್ಕಳ ರಕ್ತವೆಲ್ಲ ಕರಗಿ ಹಾಳಾಗಿತ್ತು.

"ಬಾವಿ ನೀರಲ್ಲಿ ಆರ್ಸೆನಿಕ್ ವಿಷ ಇದೆ, ಮಕ್ಕಳ ಕಾಯಿಲೆ ಅದರಿಂದ್ಲೇ ಅಂದ್ರೆ ಯಾರೂ ನಂಬ್ತಿರಲಿಲ್ಲ. ಈ ರಕ್ತವೇ ಸಾಕ್ಷಿಯಾಗಿತ್ತು," ವಿಜ್ಞಾನಿ ಹೇಳಿದಳು. "ಮುಂದಿನ ವಾರ ಇದರ ಪರೀಕ್ಷೆ ನಡೀಬೇಕಿತ್ತು."

"ಯಾರ ಮೇಲೆ ಅನುಮಾನ?" ಇನ್‌ಸ್ಪೆಕ್ಟರ್ ಕೇಳಿದರು.

"ಬಣ್ಣದ ಕಾರ್ಖಾನೆ ಮ್ಯಾನೇಜರ್. ಬಾವಿಗೆ ವಿಷ ಸೇರ್ತಿರೋದು ಅವರ ಕೊಳಚೆಯಿಂದ್ಲೇ. ನಿಮ್ಮ ಅಂಗಡಿ ಮುಚ್ಚಿಸ್ತೀನಿ ಅಂತ ಕೂಗಾಡಿ ಹೋಗಿದ್ದ."

*

ಮ್ಯಾನೇಜರ್ ಕಾಲು ಮುರಿದುಕೊಂಡು ಹತ್ತು ದಿನದಿಂದ ಆಸ್ಪತ್ರೆಯಲ್ಲಿದ್ದ. ಬೇರೆಯವರನ್ನು ಕಳಿಸಿದನೇ? ಬೀಗ ಒಡೆದಿರಲಿಲ್ಲ. ಫ್ರೀಜರ್ ಬಿಸಿಯಾದರೆ ಕೂಗುವ ಅಲಾರಂ ಅನ್ನು ಯಾರೋ ಮೊದಲೇ ಆರಿಸಿದ್ದರು. ಅದರ ಗುಟ್ಟಿನ ನಂಬರು ಪ್ರಯೋಗಾಲಯದ ಐವರಿಗಷ್ಟೇ ಗೊತ್ತು.

ಇನ್‌ಸ್ಪೆಕ್ಟರ್ ಟ್ರೇಗಳನ್ನು ಹೊರಗಿಟ್ಟು ಎಣಿಸಿದರು. ಒಂದು ಕಡೆ ನಿಂತರು.

"ಇನ್ನೂರ ಹದಿನೇಳನೇ ಟ್ಯೂಬ್ ಎಲ್ಲಿ?"

ವಿಜ್ಞಾನಿ ರಿಜಿಸ್ಟರ್ ತಿರುವಿದಳು. ಅವಳ ಬೆರಳು ಒಂದು ಹೆಸರಿನ ಮೇಲೆ ನಿಂತಿತು.

"ನಮ್ಮ ಹಿರಿಯ ಸಹಾಯಕರು ಇದ್ದಾರಲ್ಲ, ದೊಡ್ಡಣ್ಣ... ಅವರ ಮಗಳದು. ಎಂಟು ವರ್ಷ. ಹೋದ ವರ್ಷ ತೀರಿಕೊಂಡಳು."

*

ಇಬ್ಬರನ್ನೂ ತನ್ನ ಮನೆ ಬಾಗಿಲಲ್ಲಿ ಕಂಡ ದೊಡ್ಡಣ್ಣ ಪಕ್ಕಕ್ಕೆ ಸರಿದು ಒಳಗೆ ಬಿಟ್ಟ. ಅಡುಗೆಮನೆಗೆ ಹೋಗಿ, ಫ್ರಿಜ್ಜಿನ ಐಸ್ ಗೂಡಿನಿಂದ ಸ್ಟೀಲ್ ಡಬ್ಬಿ ತಂದ. ಒಳಗೆ ಬಟ್ಟೆಯಲ್ಲಿ ಸುತ್ತಿದ ಟ್ಯೂಬು.

"ಎಲ್ಲ ಹಾಳು ಮಾಡೋಕೆ ಬಂದವನು ಒಂದನ್ನ ಮಾತ್ರ ಕಾಪಾಡಿದ್ದ," ಇನ್‌ಸ್ಪೆಕ್ಟರ್ ಹೇಳಿದರು. "ಹೆತ್ತವರಲ್ಲದೆ ಬೇರೆ ಯಾರು ಹಾಗೆ ಮಾಡ್ತಾರೆ? ಆದ್ರೆ ಉಳಿದಿದ್ದನ್ನ ಯಾಕೆ?"

ದೊಡ್ಡಣ್ಣ ದನಿ ತಗ್ಗಿಸಿದ. "ನಲ್ಲಿ ನೀರು ಬೇಡ, ಬಾವೀದೇ ಒಳ್ಳೇದು ಅಂತ ನನ್ನ ಹೆಂಡ್ತಿ ಮಗೂಗೆ ಕೊನೇವರೆಗೂ ಅದನ್ನೇ ಕುಡಿಸಿದ್ಲು ಸಾರ್. ಆ ನೀರೇ ವಿಷ ಅಂತ ವರದಿ ಬಂದ್ರೆ ಇವಳು ಬದುಕ್ತಾಳಾ? ಮಗಳದ್ದನ್ನ ಮಾತ್ರ ಹಾಳು ಮಾಡೋಕೆ ಕೈ ಬರಲಿಲ್ಲ. ಅವಳದ್ದು ಅಂತ ಉಳಿದಿರೋದು ಅದೊಂದೇ."

ಮಡಚುತ್ತಿದ್ದ ಬಟ್ಟೆ ಕೈಯಲ್ಲೇ ಹಿಡಿದು ಹೆಂಡತಿ ನಡುಮನೆಯ ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿತ್ತು.

ಅವಳು ಬಂದು ಡಬ್ಬಿಯನ್ನು ಎದೆಗವಚಿಕೊಂಡು ಕುಳಿತಳು.

"ಇದರಲ್ಲಿ ಪರೀಕ್ಷೆ ಆಗುತ್ತಾ?"

"ಒಂದರಿಂದ ಪೂರ್ತಿ ಸಾಬೀತಾಗಲ್ಲ ಅಮ್ಮಾ," ವಿಜ್ಞಾನಿ ಹೇಳಿದಳು. "ಮತ್ತೆ ಶುರು ಮಾಡಬಹುದು. ಆದ್ರೆ ಇದು ಖರ್ಚಾಗಿಹೋಗುತ್ತೆ. ಏನೂ ಉಳಿಯಲ್ಲ."

"ಬೀದಿ ಮಕ್ಕಳು ಇನ್ನೂ ಆ ನೀರನ್ನೇ ಕುಡೀತಿದ್ದಾವೆ," ಎಂದು ತಾಯಿ ಡಬ್ಬಿಯನ್ನು ವಿಜ್ಞಾನಿಯ ಕೈಯಲ್ಲಿಟ್ಟಳು. "ತಗೊಂಡು ಹೋಗಿ."

ಇನ್‌ಸ್ಪೆಕ್ಟರ್ ಜೊತೆ ಠಾಣೆಗೆ ಹೊರಟ ದೊಡ್ಡಣ್ಣ ಚಪ್ಪಲಿ ಮೆಟ್ಟಲು ಬಗ್ಗಿದ. ಹೆಂಡತಿ ಅವನ ತೋಳು ಹಿಡಿದು ನಿಲ್ಲಿಸಿದಳು.

"ನನಗೊಂದು ಮಾತು ಹೇಳಬಾರದಿತ್ತಾ," ಎಂದಳು. "ಇಬ್ರೂ ಕೂತು ಅಳಬಹುದಿತ್ತು."