ಆ ಮುಖಕ್ಕೆ ಬಟನ್ ಇರಲಿಲ್ಲ

ತಲೆ ಮೇಲೆ ಕೈ ಇಟ್ಟು ಹೇಳುತ್ತೇನೆ, ಈ ಕಥೆಯಲ್ಲಿ ಒಂದಕ್ಷರ ಸುಳ್ಳಿಲ್ಲ. ನಂಬಲಾಗದ ಸಂಗತಿ ಒಂದೇ ಒಂದಿದೆ. ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಆತುರ ಬೇಡ.

"ಮುಖ ಕೊಟ್ಟು ಮಾತಾಡೋಕಾಗಲ್ವಾ ನಿಮಗೆ?!"

ಟೈಪಿಂಗ್ ಟೀಚರ್ ವೆಲ್ಡಿಂಗ್ ಮೇಷ್ಟ್ರಿಗೆ ಆಡಿದ ಮೊದಲ ಮಾತೇ ಇದು.

ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಬಾಗಿಲಲ್ಲಿ ಇಬ್ಬರೂ ಡಿಕ್ಕಿ ಹೊಡೆದಿದ್ದರು. ಇಬ್ಬರ ಕೈಯಲ್ಲೂ ಟೀ ಇತ್ತು. ಎರಡೂ ಲೋಟದ ಟೀ ಅವಳ ಬಟ್ಟೆಯ ಮೇಲೇ ಬಿತ್ತು. ಮೇಷ್ಟ್ರು "ಸಾರಿ" ಅಂದರು, ನಿಜ. ಆದರೆ ಅಂದದ್ದು ಅವಳ ಎಡಗಡೆಯ ಗೋಡೆಗೆ!

'ಏನು ಕೊಬ್ಬು ಈ ಮನುಷ್ಯನಿಗೆ... ಮಾತಾಡಿಸೋಕೂ ನಾನು ಲಾಯಕ್ಕಿಲ್ವಾ?'

ಒಂದೇ ಕಾಲೇಜಿನಲ್ಲಿದ್ದೂ ಅವರು ಅದುವರೆಗೆ ಮಾತಾಡಿರಲಿಲ್ಲ. ಮೇಷ್ಟ್ರ ಶೆಡ್ಡು ಹಿಂಬದಿಯಲ್ಲಿ, ಅವಳ ಟೈಪಿಂಗ್ ರೂಮು ಮೇಲಿನ ಮಹಡಿಯಲ್ಲಿ. ಅವಳು ಟೈಪ್ ಮಾಡುವ ರಭಸಕ್ಕೆ ಹಲ್ಲಿಗಳು ಗೋಡೆ ಬಿಟ್ಟು ಕೆಳಗೆ ಬೀಳುತ್ತಿದ್ದವು. ಇದೂ ನಿಜ. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ, "ಟೈಪಿಂಗ್ ರೂಮಿಗೇ ಕೊಟ್ಟು ಧಾರೆ ಎರೆದಿದ್ದಾರಲ್ಲ" ಅನ್ನುತ್ತಿದ್ದಳು. ಈಗ ಆ ಗಂಡನೂ ಸತ್ತಿದ್ದ. ರೂಮಿಗೆ ಬೀಗ ಬಿದ್ದಿತ್ತು. ಶೆಡ್ಡಿಗೂ ಇನ್ನೇನು ಬೀಳಲಿತ್ತು.

ಮುಂದಿನ ವರ್ಷದಿಂದ ಕಾಲೇಜಿನಲ್ಲಿ ಎಐ ಕೋರ್ಸು. ಹಳೇ ಮೇಷ್ಟ್ರುಗಳು ತರಬೇತಿ ಪಾಸಾದರೆ ಹೊಸ ಕೋರ್ಸಿಗೆ ಪಾಠ ಮಾಡಬಹುದು. ಫೇಲಾದರೆ ಮನೆಗೆ.

ತರಬೇತಿ ಕೊಡಲು ಬಂದವಳು ಟೈಪಿಂಗ್ ಟೀಚರಿನ ಅರ್ಧ ವಯಸ್ಸಿನ ಹುಡುಗಿ.

"ನೋಡಿ, ತುಂಬಾ ಸಿಂಪಲ್. ಪರದೆ ಮೇಲೆ ಒಂದೊಂದೇ ಮುಖ ಬರುತ್ತೆ. ಕೆಳಗೆ ನಾಲ್ಕು ಬಟನ್. ಖುಷಿ, ದುಃಖ, ಕೋಪ, ಭಯ. ಮುಖ ನೋಡಿ ಒತ್ತೋದು. ನೀವು ಒತ್ತಿದ್ದನ್ನ ನೋಡಿ ಯಂತ್ರ ಕಲಿಯುತ್ತೆ."

"ಅಂದ್ರೆ ನಾವು ಯಂತ್ರಕ್ಕೆ ಮೇಷ್ಟ್ರು?" ಟೈಪಿಂಗ್ ಟೀಚರ್ ಕೇಳಿದಳು.

"ಹಾಗೇ ಅಂದ್ಕೊಳ್ಳಿ ಮೇಡಂ. ಆಮೇಲೆ ಇದೇ ಕೆಲಸವನ್ನ ನೀವು ಮಕ್ಕಳಿಗೆ ಕಲಿಸ್ತೀರ."

"ಈ ಕೆಲಸ ಎಷ್ಟು ವರ್ಷ ಇರುತ್ತೆ?"

ಹುಡುಗಿ ತನ್ನ ಬಳೆ ತಿರುಗಿಸಿಕೊಂಡಳು. "ಅದು... ಯಂತ್ರ ಪೂರ್ತಿ ಕಲಿಯೋವರೆಗೆ."

ಅಂದರೆ ಮೇಷ್ಟ್ರುಗಳು ತಮ್ಮ ಗುಂಡಿಯನ್ನು ತಾವೇ ತೋಡಬೇಕು, ಮಕ್ಕಳಿಗೂ ತೋಡುವುದನ್ನು ಕಲಿಸಬೇಕು, ಅದಕ್ಕೊಂದು ಸರ್ಟಿಫಿಕೇಟ್ ಬೇರೆ!

ನಿಯಮ ಇನ್ನೊಂದಿತ್ತು. ಒಂದೇ ಮುಖವನ್ನು ಇಬ್ಬರು ಬೇರೆ ಬೇರೆ ಕೂತು ನೋಡಬೇಕು. ನೂರಕ್ಕೆ ಎಂಬತ್ತು ಸಲ ಇಬ್ಬರ ಉತ್ತರವೂ ಒಂದೇ ಆಗಿದ್ದರೆ ಆ ಜೋಡಿ ಪಾಸು. ಉತ್ತರ ಬೇರೆಯಾದಾಗ ಇಬ್ಬರೂ ಎದುರುಬದುರು ಕೂತು, ಯಾಕೆ ಹಾಗೆ ಒತ್ತಿದೆ ಎಂದು ಬಾಯಿಬಿಟ್ಟು ಹೇಳಿ, ಒಂದು ತೀರ್ಮಾನಕ್ಕೆ ಬರಬೇಕು.

ಜೋಡಿಗಳ ಹೆಸರು ಓದಿದರು. ಟೈಪಿಂಗ್ ಟೀಚರ್ ಜೊತೆ... ವೆಲ್ಡಿಂಗ್ ಮೇಷ್ಟ್ರು.

'ಸತ್ತೆ!' ಅಂದುಕೊಂಡಳು.

ಅವಳು ಅಂದುಕೊಂಡಂತೆಯೇ ಆಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಅವಳು ಖುಷಿ ಅಂದರೆ ಮೇಷ್ಟ್ರು ಕೋಪ. ಅವಳು ಭಯ ಅಂದರೆ ಮೇಷ್ಟ್ರು ಖುಷಿ. ಹಲ್ಲು ಗಿಂಜಿ ನಗುವ ಕೂಸಿಗೂ ಅವರು ದುಃಖ ಒತ್ತಿದ್ದರು! ಬೇರೆ ಜೋಡಿಗಳು ಎಂಬತ್ತು ಮುಟ್ಟುತ್ತಿದ್ದಾಗ ಇವರದು ನಲವತ್ತು ದಾಟಲಿಲ್ಲ.

"ಯಾಕೆ ಮೇಷ್ಟ್ರೇ ಹಿಂಗೆ ಒತ್ತಿದ್ರಿ?"

"ನಂಗೆ ಹಂಗನ್ನಿಸ್ತು. ನೀವು ಹೇಳಿದ್ದೇ ಇರ್ಲಿ ಬಿಡಿ." ಮತ್ತೆ ಗೋಡೆಗೆ!

"ಇರ್ಲಿ ಬಿಡಿ ಅಂದ್ರೆ ಮಾರ್ಕ್ಸು ಬರುತ್ತಾ? ನನ್ನ ಮೇಲೆ ಏನಾದ್ರೂ ಹಗೆ ಇದ್ಯಾ ನಿಮಗೆ?"

ಮೇಷ್ಟ್ರು ಕಿಡಿ ತಾಗಿ ತಾಗಿ ಚುಕ್ಕಿ ಚುಕ್ಕಿಯಾದ ಬೆರಳುಗಳನ್ನು ಮೇಜಿನ ಕೆಳಗೆ ಎಳೆದುಕೊಂಡರು, ಅಷ್ಟೇ.

ಹೊರಗೆ ಮೆಟ್ಟಿಲ ಮೇಲೆ ಅವಳ ಹಳೇ ವಿದ್ಯಾರ್ಥಿನಿಯರು ಕಾದಿದ್ದರು. ಅರ್ಧ ಟೈಪಿಂಗ್ ಕಲಿತು ನಡುನೀರಲ್ಲಿ ನಿಂತವರು.

"ಮೇಡಂ, ಹೊಸ ಕೋರ್ಸಿಗೆ ನೀವೇ ಇರ್ತೀರಲ್ವಾ? ನೀವಿಲ್ದಿದ್ರೆ ನಾವು ಸೇರಲ್ಲ."

"ಇರ್ತೀನಿ ಕಣ್ರೇ," ಅಂದಳು. 'ಆ ಗೋಡೆ ಮೇಷ್ಟ್ರು ಬಿಟ್ರೆ...'

ಪರೀಕ್ಷೆಗೆ ವಾರವಿತ್ತು. ಅಂದು ಬೆಳಿಗ್ಗೆ ಅವಳು ನೇರ ಪ್ರಿನ್ಸಿಪಾಲರ ಕೋಣೆಗೆ ಹೋದಳು.

"ಸಾರ್, ನನ್ನ ಜೋಡಿ ಬದಲಿಸಿ. ಅವರು ಬೇಕಂತಲೇ ತಪ್ಪು ಒತ್ತುತ್ತಿದ್ದಾರೆ. ತಾನೂ ಮುಳುಗಿ ನನ್ನನ್ನೂ ಮುಳುಗಿಸ್ತಿದ್ದಾರೆ!"

ಪ್ರಿನ್ಸಿಪಾಲರು ನಾಳೆ ನೋಡೋಣ ಅಂದರು. ಅವಳಿಗೆ ಹೊಟ್ಟೆ ತಣ್ಣಗಾಯಿತು... ಅಂದೇ ಮಧ್ಯಾಹ್ನದವರೆಗೆ ಮಾತ್ರ.

ಮಧ್ಯಾಹ್ನ ಅಭ್ಯಾಸಕ್ಕೆ ಕಾಲೇಜಿನವರದೇ ಫೋಟೋಗಳನ್ನು ಹಾಕಿದ್ದರು. ಮೊದಲ ದಿನ ತರಬೇತಿ ಹುಡುಗಿ ಎಲ್ಲರದೂ ತೆಗೆದಿದ್ದಳು. ಅದರಲ್ಲಿ ಟೈಪಿಂಗ್ ಟೀಚರ್ ಫೋಟೋನೂ ಬಂತು. ಅವಳು ಖುಷಿ ಒತ್ತಿದಳು. ಮೇಷ್ಟ್ರು ದುಃಖ ಒತ್ತಿದರು.

ಎದುರುಬದುರು ಕೂತರು.

"ನನ್ನ ಮುಖದ ಬಗ್ಗೆ ನನಗಿಂತ ನಿಮಗೆ ಚೆನ್ನಾಗಿ ಗೊತ್ತಾ?! ಹಲ್ಲು ಎಣಿಸಬಹುದು, ಅಷ್ಟು ನಕ್ಕಿದ್ದೀನಿ!"

"ಹಲ್ಲು ನಂಗೆ ಕಾಣಲ್ಲ ಮೇಡಂ." ಮೇಷ್ಟ್ರ ದನಿ ಮೆಲ್ಲಗಿತ್ತು. "ಹೆಗಲು ಕಾಣುತ್ತೆ."

"ಏನು?"

"ನೀವು ನಿಜವಾಗಿ ನಕ್ಕಾಗ ಹೆಗಲು ಕಿವಿ ತನಕ ಏರುತ್ತೆ. ಮೆಟ್ಟಿಲ ಹತ್ರ ಮಕ್ಕಳ ಜೊತೆ ನಗ್ತಿದ್ರಲ್ಲ, ಹಾಗೆ. ನಾನು ಶೆಡ್ಡಿನಿಂದ ದಿನಾ ನೋಡ್ತಿದ್ದೆ. ಈ ಫೋಟೋದಲ್ಲಿ ಹೆಗಲು ಬಿದ್ದೋಗಿದೆ. ಟೈಪಿಂಗ್ ರೂಮಿಗೆ ಬೀಗ ಹಾಕಿದ ಮಾರನೇ ದಿನದ್ದಲ್ವಾ ಇದು?"

ಅವಳು ಫೋಟೋ ಕಡೆ ತಿರುಗಿದಳು.

"ಕಣ್ಣಿನ ನಟ್ಟನಡುವೆ ಮಸುಕು," ಅಂದರು ಅವರು. "ನಾನು ಏನನ್ನ ನೋಡ್ತೀನೋ ಅದೇ ಅಳಿಸಿಹೋಗುತ್ತೆ, ಅಂಚು ಮಾತ್ರ ಉಳಿಯುತ್ತೆ. ಮಕ್ಕಳ ಕೈ ಸರಿಯಾಗಿ ಕಾಣ್ಲಿ ಅಂತ ವೆಲ್ಡಿಂಗ್ ಮುಖವಾಡ ಎತ್ತಿ ಬೆಂಕಿ ನೋಡ್ತಿದ್ದೆ. ವರ್ಷಗಟ್ಟಲೆ. ಮೂರ್ಖತನ."

"ಹಾಗಾದ್ರೆ ಆ ಗೋಡೆ...?"

"ಗೋಡೆ ನೋಡಿದ್ರೇನೇ ನೀವು ಕಾಣೋದು. ನೇರ ನೋಡಿದ್ರೆ ನಿಮ್ಮ ಜಾಗದಲ್ಲಿ ಒಂದು ರಂಧ್ರ ಇರುತ್ತೆ. ಅದಕ್ಕೇ..." ಅವರು ಪಕ್ಕಕ್ಕೆ ತಿರುಗಿದರು. "ನಿಮ್ಮನ್ನ ನೋಡ್ಬೇಕು ಅನ್ನಿಸಿದಾಗೆಲ್ಲ ಪಕ್ಕಕ್ಕೆ ತಿರುಗ್ತಿದ್ದೆ."

ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಎಷ್ಟು ಸಲ ತಿರುಗಿದ್ದರು ಈ ಮನುಷ್ಯ! ಅಷ್ಟೂ ಸಲ ಅವಳು ಬೈದುಕೊಂಡಿದ್ದಳು!

"ನಾನು ಹೇಳ್ಕೊಡ್ತೀನಿ," ಅಂದಳು ಗಡಬಡಿಸಿ. "ನಾನು ಏನು ಒತ್ತುತ್ತೀನೋ ಕೆಮ್ಮಿ ಹೇಳ್ತೀನಿ. ಒಂದ್ಸಲ ಕೆಮ್ಮಿದ್ರೆ ಖುಷಿ, ಎರಡಕ್ಕೆ ದುಃಖ..."

"ನೂರು ಫೋಟೋಗೆ ಕೆಮ್ಮಿದ್ರೆ ನಿಮ್ಮನ್ನ ಆಸ್ಪತ್ರೆಗೆ ಸೇರಿಸ್ತಾರೆ." ನಗದೇ ಅಂದರು. ಆಮೇಲೆ ತಲೆಯಾಡಿಸಿದರು. "ಬೇಡ ಮೇಡಂ. ಒಳಗೆ ಟೊಳ್ಳಿಟ್ಟು ಮೇಲೆ ಚೆಂದ ಮಾಡಿದ ಬೆಸುಗೆ ಅದು. ಭಾರ ಬಿದ್ದಾಗ ಬಿಡುತ್ತೆ. ಕೆಳಗೆ ಯಾರು ನಿಂತಿರ್ತಾರೋ ಯಾರಿಗ್ಗೊತ್ತು."

ದೂರಿನ ವಿಷಯವನ್ನು ಅವಳು ಆಗಲೇ ಹೇಳಬೇಕಿತ್ತು. ಬದಲಿಗೆ ದೂರು ವಾಪಸ್ ತಗೊಳ್ಳಲು ಪ್ರಿನ್ಸಿಪಾಲರ ಕೋಣೆಗೆ ಓಡಿದಳು. ಬೀಗ ಹಾಕಿತ್ತು.

ಮರುದಿನ ಅವಳು ಬಾಯಿ ತೆರೆಯುವಷ್ಟರಲ್ಲೇ ಪ್ರಿನ್ಸಿಪಾಲರು ಲ್ಯಾಬಿಗೆ ಬಂದು, ಎಲ್ಲರೆದುರು ಮೇಷ್ಟ್ರನ್ನು ಕರೆದು, ಪರದೆಯ ಮೇಲೆ ಒಂದು ಫೋಟೋ ಹಾಕಿಸಿದರು.

"ಬೇಕಂತ ತಪ್ಪು ಮಾಡ್ತೀರಂತೆ, ದೂರು ಬಂದಿದೆ. ಇದು ಯಾರು, ಮುಖದಲ್ಲಿ ಏನಿದೆ, ಹೇಳಿ."

"ಸಾರ್, ನಾನು ನಿನ್ನೆ..." ಟೈಪಿಂಗ್ ಟೀಚರ್ ಎದ್ದಳು.

"ನೀವು ಕೂತ್ಕೊಳ್ಳಿ."

ಮೇಷ್ಟ್ರು ಪರದೆಯ ಪಕ್ಕದ ಗೋಡೆಯನ್ನು ಬಹಳ ಹೊತ್ತು ನೋಡಿದರು.

"ಕೋಟು ಕಾಣ್ತಿದೆ ಸಾರ್. ಒಳಗೆ ಯಾರಿದ್ದಾರೋ ಗೊತ್ತಾಗ್ತಿಲ್ಲ."

ಫೋಟೋ ಪ್ರಿನ್ಸಿಪಾಲರದೇ. ಲ್ಯಾಬಿಗೆ ಲ್ಯಾಬೇ ಗೊಳ್ಳೆಂದಿತು. ಮೇಷ್ಟ್ರು ಮಾತ್ರ ಯಾಕೆ ನಗುತ್ತಿದ್ದಾರೆಂದು ತಿಳಿಯದೆ ನಿಂತಿದ್ದರು. ಅದನ್ನು ಕಂಡು ನಗು ಒಂದೊಂದೇ ಬಾಯಲ್ಲಿ ಸತ್ತಿತು. ಎಲ್ಲರಿಗೂ ಅರ್ಥವಾಯಿತು.

"ಹೌದು ಸಾರ್. ಕಣ್ಣು ಹೋಗ್ತಿದೆ," ಅಂದರು. ಚೀಲ ಹೆಗಲಿಗೇರಿಸಿ, ಬಾಗಿಲ ಚೌಕಟ್ಟನ್ನು ಕೈಯಿಂದ ತಡವಿ ಹೊರಗೆ ಹೋದರು. ದೂರು ಕೊಟ್ಟವರು ಯಾರೆಂದು ಕೇಳಲೇ ಇಲ್ಲ.

ಅವಳಿಗೆ ತರಬೇತಿ ಹುಡುಗಿಯೇ ಜೋಡಿಯಾದಳು. ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತೊಂದು ಬಂತು. ಪಾಸು!

ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕುಸಿದಳು.

"ಕೆಲಸ ಉಳೀತಾ?" ಅಮ್ಮ ಕೇಳಿದಳು.

"ಉಳೀತು."

"ಮತ್ಯಾಕೆ ಹೆಣ ಎತ್ತಿದ ಮುಖ?"

"ಒಬ್ಬರ ಅನ್ನ ಕಿತ್ಕೊಂಡು ಬಂದೆನಮ್ಮ... ಅವರು ನನ್ನನ್ನ ನೋಡ್ತಿದ್ರು. ನನಗೆ ಗೊತ್ತೇ ಇರ್ಲಿಲ್ಲ. ಇಷ್ಟು ವರ್ಷದಲ್ಲಿ ನನ್ನನ್ನ ಸರಿಯಾಗಿ ನೋಡಿದವರು ಅವರೊಬ್ಬರೇ, ಅವರಿಗೆ ಕಣ್ಣೇ ಇಲ್ಲ!"

ಅಮ್ಮ ಸೆರಗಿನಿಂದ ಮಗಳ ಕಣ್ಣೊರೆಸಿದಳು. ಮಗಳು ಅತ್ತದ್ದನ್ನು ಅವಳು ನೋಡಿದ್ದೇ ಅಪರೂಪ.

"ಇಲ್ಲಿ ಅತ್ರೆ ಅವರಿಗೆ ಹೆಂಗೆ ಕೇಳುತ್ತೆ? ಚಪ್ಪಲಿ ಕಾಲಲ್ಲೇ ಇದ್ಯಲ್ಲ. ನಡಿ."

ಶೆಡ್ಡಿನಲ್ಲಿ ಮೇಷ್ಟ್ರೊಬ್ಬರೇ ಇದ್ದರು. ಯಂತ್ರಗಳನ್ನು ಗುಜರಿಗೆ ಸಾಗಿಸಿಯಾಗಿತ್ತು. ನೆಲದಲ್ಲಿ ಅವು ಕೂತಿದ್ದ ಜಾಗ ಕಪ್ಪು ಚೌಕಗಳಾಗಿ ಉಳಿದಿತ್ತು. ಅವರು ಮುಖವಾಡಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು.

"ದೂರು ಕೊಟ್ಟಿದ್ದು ನಾನು," ಅಂದಳು, ಬಾಗಿಲಲ್ಲೇ ನಿಂತು.

"ಗೊತ್ತು."

"ಹೆಂಗೆ?!"

"ಅವತ್ತು ಎದುರಿಗೆ ಕೂತಾಗ ಹೆಗಲು ಹೇಳ್ತು." ಇನ್ನೊಂದು ಮುಖವಾಡ ಇಟ್ಟರು. "ಕೊಡದಿದ್ರೂ ಪರೀಕ್ಷೆ ದಿನ ಗೊತ್ತಾಗ್ತಿತ್ತು ಬಿಡಿ. ಆಗ ನೀವೂ ಮುಳುಗ್ತಿದ್ರಿ."

"ಬೈದುಬಿಡಿ ಮೇಷ್ಟ್ರೇ... ನಿಮ್ಮ ಒಳ್ಳೇತನ ತಡ್ಕೊಳ್ಳೋಕಾಗ್ತಿಲ್ಲ ನಂಗೆ."

"ಬೈಯೋಕೆ ಶಕ್ತಿ ಇಲ್ಲ. ಡಾಕ್ಟ್ರು ಹೇಳಿದಾರೆ, ಹೋಗಿದ್ದು ವಾಪಸ್ ಬರಲ್ಲ, ಇರೋದೂ ನಿಲ್ಲೋ ನಂಬಿಕೆ ಇಲ್ಲ. ಇವತ್ತು ಹಲ್ಲು ಕಾಣಲ್ಲ. ನಾಳೆ ಹೆಗಲೂ ಕಾಣಲ್ಲ. ನೀವು ಮನೆಗೆ ಹೋಗಿ. ನನ್ನ ಹತ್ರ ಇನ್ನು ಏನೂ ಇಲ್ಲ ಕೊಡೋಕೆ."

"ನನ್ನ ಹತ್ರ ಮಾತ್ರ ಏನಿದೆ? ಯಂತ್ರ ಕಲಿಯೋವರೆಗೆ ಒಂದು ಕೆಲಸ!"

ಅವಳು ಕಪ್ಪು ಚೌಕಗಳನ್ನು ದಾಟಿ ಬಂದಳು. ಅವರು ಅಭ್ಯಾಸದಂತೆ ಗೋಡೆಯ ಕಡೆ ತಿರುಗಿದರು. ಈ ಸಲ ಅವಳಿಗೆ ಗೊತ್ತಿತ್ತು.

"ಹಾಗೇ ಇರಿ," ಅಂದಳು. "ಚೆನ್ನಾಗಿ ನೋಡ್ಕೊಳ್ಳಿ. ಎಷ್ಟು ದಿನ ಕಾಣುತ್ತೋ ಅಷ್ಟು ದಿನ. ನಾನು ಎದುರಿಗೇ ಇರ್ತೀನಿ."

"ಆಮೇಲೆ?"

ಅವಳು ಅವರ ಕೈ ಹಿಡಿದೆತ್ತಿ, ಆ ಸುಟ್ಟ ಬೆರಳುಗಳನ್ನು ತನ್ನ ಹೆಗಲ ಮೇಲೆ ಇಟ್ಟುಕೊಂಡಳು.

"ಆಮೇಲೆ ಹಿಂಗೆ. ಈಗ ಹೇಳಿ, ಮೇಲಿದ್ಯಾ, ಬಿದ್ದಿದ್ಯಾ?"

"...ನಡುಗ್ತಿದೆ."

"ಯಾವ ಬಟನ್ ಒತ್ತುತ್ತೀರಿ?"

"ಇದಕ್ಕೆ ಬಟನ್ ಕೊಟ್ಟಿಲ್ಲ ಅವರು," ಅಂದರು ಮೇಷ್ಟ್ರು. "ನೀವೇನಂತೀರಿ?"

"ನಾನೂ ಅದೇ ಅಂತೀನಿ," ಅಂದಳು.

ಇಬ್ಬರ ಉತ್ತರವೂ ಒಂದೇ ಆಯಿತು, ಮನಸಾರೆ ಒಂದಾದದ್ದು ಇದೇ ಮೊದಲು. ಮಾರ್ಕ್ಸು ಕೊಡಲು ಅಲ್ಲಿ ಯಾರೂ ಇರಲಿಲ್ಲ.

ಹಾಂ, ಈಗ ಆ ನಂಬಲಾಗದ ಸಂಗತಿ. ಶೆಡ್ಡಿನಲ್ಲಿ ಇವರು ಹೀಗೆ ನಿಂತಿದ್ದಾಗ, ಅತ್ತ ಬೀಗ ಹಾಕಿದ ಲ್ಯಾಬಿನಲ್ಲಿ, ಕರೆಂಟೇ ಇಲ್ಲದ ಹೊತ್ತಲ್ಲಿ, ಆ ಪರದೆ ತನ್ನಷ್ಟಕ್ಕೆ ಹೊತ್ತಿಕೊಂಡು, ನಾಲ್ಕು ಬಟನ್ ಇದ್ದ ಜಾಗದಲ್ಲಿ ಐದನೆಯದೊಂದು ಮೆಲ್ಲಗೆ... ಅರೆ! ಎದ್ದೇಬಿಟ್ಟಿರಾ? ಕೂತ್ಕೊಳ್ಳಿ, ಮುಖ್ಯವಾದದ್ದೇ ಈಗ ಬರೋದು, ಆ ಐದನೇ ಬಟನ್ ಮೇಲೆ ಏನು ಬರೆದಿತ್ತು ಅಂದ್ರೆ...